1999ರ ಎಸ್-10: ಫೋರ್ ವೀಲ್ ಸೇರುತ್ತಿಲ್ಲ, ಬ್ರೇಕ್ ಪೆಡಲ್ ಗಟ್ಟಿ
ಫೋರ್ ವೀಲ್ ಡ್ರೈವೂ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವುದು) ಬ್ರೇಕೂ ಒಟ್ಟಿಗೆ ಕೈಕೊಟ್ಟಿವೆ ಅಂದರೆ ವ್ಯಾಕ್ಯೂಮ್, ಅಂದರೆ ಎಂಜಿನ್ನಿನ ಗಾಳಿ ಸೆಳೆತ, ಎಲ್ಲೋ ಸೋರುತ್ತಿರಬೇಕು. ಷೆವ್ರೊಲೆ ಎಸ್-10 ಪಿಕಪ್‌ನಲ್ಲಿ ಬ್ರೇಕ್ ಬೂಸ್ಟರ್‌ಗೂ (ಪೆಡಲ್ ಹಗುರ ಮಾಡುವ ಡಬ್ಬಿ) ಮುಂದಿನ ಆಕ್ಸಲ್ ಸೇರಿಸುವ ಆಕ್ಚುಯೇಟರ್‌ಗೂ ಎಂಜಿನ್ನಿನ ಅದೇ ವ್ಯಾಕ್ಯೂಮ್.

ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿದು, ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ, ಫೋರ್ ವೀಲ್‌ಗೆ ಹೋಗುವ ಪೈಪನ್ನು ಎಂಜಿನ್ ಕಡೆ ಕಿತ್ತು, ಆ ಬಾಯಿಗೆ ಬಿರಡೆ ಹಾಕಿ ಮತ್ತೆ ನೋಡಿ. ಬ್ರೇಕ್ ಹಗುರಾದರೆ ಸೋರಿಕೆ ಆ ಪೈಪಿನ ಸಾಲಿನಲ್ಲೇ ಇದೆ.

ಆ ಸಾಲಿನಲ್ಲಿ ಸೋರಿಕೆ ಹುಡುಕಲು ಮೊದಲು ಬ್ಯಾಟರಿ ಟ್ರೇ ಬಿಚ್ಚಿ. ಆಕ್ಚುಯೇಟರ್ ಅದರಡಿಯಲ್ಲೇ ಇದೆ. ಆಸಿಡ್ ತೊಟ್ಟಿಕ್ಕಿ ರಬ್ಬರ್ ಬಿರಿದಿರಬಹುದು. ಆಮೇಲೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಡಬ್ಬಿ) ಮೇಲಿನ ವ್ಯಾಕ್ಯೂಮ್ ಸ್ವಿಚ್ಚಿನ ಪೈಪು ತೆಗೆದು ಒಳಗೆ ಬೆರಳಾಡಿಸಿ. ಆ ಕೇಸಿನ ಕೆಂಪೆಣ್ಣೆ ಅಂಟಿದರೆ ಸ್ವಿಚ್ ಬದಲಿಸಲೇಬೇಕು, ಬರೀ ಪೈಪು ಹಾಕಿದರೆ ಅದೂ ಎಣ್ಣೆ ಕುಡಿಯುತ್ತದೆ.

ಬಿರಡೆ ಹಾಕಿದರೂ ಪೆಡಲ್ ಗಟ್ಟಿಯೇ? ಕೆಟ್ಟಿರುವುದು ಚೆಕ್ ವಾಲ್ವೋ (ಬೂಸ್ಟರ್‌ನ ವ್ಯಾಕ್ಯೂಮ್ ಹಿಡಿದಿಡುವ ಏಕಮುಖ ವಾಲ್ವ್) ಬೂಸ್ಟರ್ರೋ, ನೋಡದೆ ಹೇಳಲಾರೆ. ವಾಲ್ವ್ ಅಗ್ಗ, ಅದನ್ನೇ ಮೊದಲು ಬದಲಿಸಿ. ಅಲ್ಲಿವರೆಗೆ ದಯವಿಟ್ಟು ಗಾಡಿ ರಸ್ತೆಗಿಳಿಸಬೇಡಿ.