ಸಕ್ಕರೆ ಕಾಯಿಲೆ ಇರುವವರ ಭುಜನೋವು: ಎಂಆರ್‌ಐ ಬದಿಗಿಟ್ಟು ಭುಜ ತಿರುಗಿಸಿ ನೋಡಿ

ನಿಮ್ಮ ರೋಗಿಯ ಭುಜನೋವಿಗೆ ಕಾರಣವೇನೆಂದು ಕೇಳಿದ್ದೀರಿ. ಇದು ಫ್ರೋಜನ್ ಶೋಲ್ಡರ್ (ಕೀಲಿನ ಕವಚ ಬಿಗಿದು ಭುಜ ತಿರುಗದಂತಾಗುವುದು) ಆಗಿರುವ ಸಾಧ್ಯತೆಯೇ ಹೆಚ್ಚು. 54 ವರ್ಷ, ಸಕ್ಕರೆ ಕಾಯಿಲೆ, ಪೆಟ್ಟು ಬಿದ್ದಿಲ್ಲ, ಕೈ ಬೆನ್ನ ಹಿಂದಕ್ಕೆ ಹೋಗುತ್ತಿಲ್ಲ, ಬ್ಯಾಂಡ್ (ರಬ್ಬರ್ ಪಟ್ಟಿ ಎಳೆಯುವ) ವ್ಯಾಯಾಮ ಮಾಡಿಸಿದಷ್ಟೂ ನೋವು ಜಾಸ್ತಿ ಅಂದಿದ್ದೀರಿ. ಎಂಆರ್‌ಐನಲ್ಲಿ ಸುಪ್ರಾಸ್ಪೈನೇಟಸ್ (ಭುಜದ ಮೇಲ್ಭಾಗದ ಒಂದು ಸ್ನಾಯು) ರಜ್ಜು ಸ್ವಲ್ಪ ಹರಿದಂತೆ ಕಂಡಿದ್ದನ್ನೇ ಹಿಡಿದು ಹೊರಡಬೇಡಿ; ಈ ವಯಸ್ಸಿನಲ್ಲಿ ನೋವೇ ಇಲ್ಲದವರಲ್ಲೂ ಅದು ಕಾಣುತ್ತದೆ.

ಮೊದಲು ಅಂಗಾತ ಮಲಗಿಸಿ. ಮೊಣಕೈ ಪಕ್ಕೆಗೆ ತಾಗಿಸಿ 90 ಡಿಗ್ರಿ ಮಡಿಸಿ, ಮುಂಗೈಯನ್ನು ನೀವೇ ಹೊರಕ್ಕೆ ತಿರುಗಿಸಿ. ಅವರಾಗಿಯೇ ತಿರುಗಿಸಿದಾಗ ನಿಂತ ಜಾಗದಲ್ಲೇ ನಿಮ್ಮ ಕೈಗೂ ನಿಂತರೆ ತೊಂದರೆ ಬಹುಶಃ ಕೀಲಿನ ಕವಚದ್ದು. ಸಲೀಸಾಗಿ ಹೋದರೆ ನನ್ನ ಊಹೆ ತಪ್ಪು. ಆಗ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು), ಕತ್ತು ಎರಡನ್ನೂ ಪರೀಕ್ಷಿಸಿ. ನೋವಿಗೆ ಬಿಗಿಹಿಡಿದಿದ್ದಾರೋ, ನಿಜವಾಗಿಯೂ ಬಿಗಿದಿದೆಯೋ ಒಂದೇ ಸಲಕ್ಕೆ ತಿಳಿಯದಿರಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಬಿಗಿದಿದ್ದರೆ ಎಕ್ಸ್-ರೇ ಬೇಕು. ಕೀಲು ಸವೆದಿದ್ದರೂ, ಹಿಂದಕ್ಕೆ ಜಾರಿದ್ದರೂ ಹೀಗೇ ಆಗುತ್ತದೆ. ಜ್ವರ, ತೂಕ ಇಳಿಕೆ, ಮೆಟ್ಟಿಲು ಹತ್ತಿದಾಗ ಹೆಚ್ಚುವ ನೋವು ಇದ್ದರೆ ತಡಮಾಡದೆ ವೈದ್ಯರ ಬಳಿ ಕಳಿಸಿ.

ಇವ್ಯಾವುದೂ ಇಲ್ಲವಾದರೆ ಬ್ಯಾಂಡ್ ನಿಲ್ಲಿಸಿ. ತಡೆದುಕೊಳ್ಳುವಷ್ಟು ನೋವಿನೊಳಗೇ ಪೆಂಡುಲಮ್ (ಬಾಗಿ ಕೈ ಇಳಿಬಿಟ್ಟು ತೂಗಾಡಿಸುವುದು), ಕೋಲು ಹಿಡಿದು ಭುಜ ಹೊರಕ್ಕೆ ತಿರುಗಿಸುವುದು ಸಾಕು. ವೈದ್ಯರು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ದಿನ ಸಕ್ಕರೆ ಏರಬಹುದು, ಅದನ್ನು ರೋಗಿಗೆ ಮೊದಲೇ ಹೇಳಿಡಿ.