ನವೋದಯ ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ.)

ಬಂದವರು ತಂದೆ, ತಾಯಿ ಮತ್ತು ಮಗಳು. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ಜವಾಹರ ನವೋದಯ ವಿದ್ಯಾಲಯದ 6ನೇ ತರಗತಿಗೆ ಪರೀಕ್ಷೆ ಬರೆದಿದ್ದಳು, ಆಯ್ಕೆಯಾಗಲಿಲ್ಲ. ತಂದೆಯದು ಒಂದೇ ಮಾತು: "ಪೇಟೆಯ ಗುತ್ತಿಗೆದಾರರ ಮಗನಿಗೆ ಹಳ್ಳಿ ಕೋಟಾದಲ್ಲಿ ಸೀಟು ಸಿಕ್ಕಿದೆ ಮೇಡಂ. ದುಡ್ಡು ಓಡಾಡಿರತ್ತೆ."

ಹುಡುಗಿ ತಲೆ ಎತ್ತಲಿಲ್ಲ. ತಾಯಿ ಅವಳ ನೋಟ್‌ಬುಕ್ ತೋರಿಸಿದರು. ಕೊನೆಯ ಹಾಳೆಗಳ ತುಂಬ ನಾಲ್ಕು ನಾಲ್ಕು ಸೊನ್ನೆಗಳ ಸಾಲು, ಸಾಲಿಗೊಂದು ಸೊನ್ನೆಗೆ ನೀಲಿ ಪೆನ್ನಿನಲ್ಲಿ ಒತ್ತಿ ಒತ್ತಿ ಮಸಿ ತುಂಬಿದ್ದಳು. ಅಲ್ಲಲ್ಲಿ ಹಾಳೆಯೇ ತೂತು. ಫಲಿತಾಂಶ ಬಂದ ಮೇಲೂ ರಾತ್ರಿ ಇದೇ ಕೆಲಸ. ಸೊನ್ನೆಗೆ ಮಸಿ ತುಂಬಿ ಉತ್ತರ ಗುರುತಿಸುವ ಒಎಂಆರ್ ಹಾಳೆಯಲ್ಲಿ ಎರಡು ಸೊನ್ನೆ ಅರ್ಧ ತುಂಬಿದ್ದರಿಂದಲೇ ಸೀಟು ಹೋಯಿತು ಎಂಬುದು ಅವಳ ನಂಬಿಕೆ. 80 ಪ್ರಶ್ನೆಗೆ 100 ಅಂಕ, ಎರಡು ಪ್ರಶ್ನೆ ಎಂದರೆ ಎರಡೂವರೆ ಅಂಕ. "ಅದರಿಂದೇನೂ ಆಗಿಲ್ಲ ಬಿಡು" ಎಂದು ಅವಳಿಗೆ ಹೇಳಲಿಲ್ಲ. ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಸುಳ್ಳು ಸಮಾಧಾನ ಮಕ್ಕಳಿಗೆ ಬೇಗ ತಿಳಿಯುತ್ತದೆ. ತಿಳಿದುಕೊಳ್ಳುವ ದಾರಿ ಇದೆ, ಅಪ್ಪ ಅದನ್ನು ಮಾಡುತ್ತಾರೆ ಎಂದಷ್ಟೇ ಹೇಳಲಾಯಿತು.

ಆಮೇಲೆ ಕಾಗದಪತ್ರ. ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಎನಿಸಿಕೊಳ್ಳಲು ಹಳ್ಳಿಯಲ್ಲಿ ಮನೆಯಿದ್ದರೆ ಸಾಲದು. 3, 4, 5ನೇ ತರಗತಿ ಮೂರನ್ನೂ ಹಳ್ಳಿ ಶಾಲೆಯಲ್ಲೇ ಓದಿರಬೇಕು, ಒಂದು ದಿನ ಪೇಟೆ ಶಾಲೆಯಲ್ಲಿ ಓದಿದ್ದರೂ ನಗರದ ಅಭ್ಯರ್ಥಿ. ತಾಯಿಯ ಬಾಣಂತನದ ಹೊತ್ತಿನಲ್ಲಿ ಈ ಹುಡುಗಿ 3ನೇ ತರಗತಿಯ ನಾಲ್ಕು ತಿಂಗಳು ಪೇಟೆಯ ಅಜ್ಜಿ ಮನೆಯಿಂದ ಶಾಲೆಗೆ ಹೋಗಿದ್ದಳು. ಅರ್ಜಿಯಲ್ಲಿ "ಗ್ರಾಮೀಣ" ಎಂದೇ ತುಂಬಿದ್ದರು. ಆಯ್ಕೆಯಾಗಿದ್ದರೂ ದಾಖಲೆ ಪರಿಶೀಲನೆಯಲ್ಲಿ ವರ್ಗಾವಣೆ ಪತ್ರ ನೋಡಿದ ಕೂಡಲೇ ಸಿಕ್ಕಿಬೀಳುತ್ತಿತ್ತು. ತಂದೆ ತುಂಬ ಹೊತ್ತು ಸುಮ್ಮನೆ ಕೂತರು. ಅವರದು ಮೋಸವಲ್ಲ, ಮಾಹಿತಿ ಪತ್ರದ ಆ ಸಾಲನ್ನು ಯಾರೂ ಓದಿ ಹೇಳಿರಲಿಲ್ಲ. ನಿಯಮ ಅಚ್ಚಾಗಿದ್ದರೆ ಪಾರದರ್ಶಕ ಎನ್ನುತ್ತೇವೆ. ಸೈಬರ್ ಅಂಗಡಿಯಲ್ಲಿ ಅವಸರವಾಗಿ ಅರ್ಜಿ ತುಂಬಿಸುವ ತಂದೆಗೆ ಅದು ತಲುಪುವುದೇ ಇಲ್ಲ.

ಕೊಟ್ಟ ಸಲಹೆ ಹೀಗೆ. ಅನುಮಾನವನ್ನು ಪ್ರಶ್ನೆಯಾಗಿ ಬರೆಯಿರಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಈ ಶಾಲೆಗಳನ್ನು ನಡೆಸುವ ನವೋದಯ ವಿದ್ಯಾಲಯ ಸಮಿತಿಗೆ ನಾಲ್ಕೇ ಸಂಗತಿ ಕೇಳಿ: ಮಗಳ ಅಂಕ, ಅವಳ ಒಎಂಆರ್ ಪ್ರತಿ, ಸರಿಯುತ್ತರ ಪಟ್ಟಿ, ಜಿಲ್ಲೆಯಲ್ಲಿ ಪ್ರತಿ ವರ್ಗದ ಕೊನೆಯ ಆಯ್ಕೆಯ ಅಂಕ. ಅರ್ಜಿ ಬೇರೆ ಕಚೇರಿಗೆ ಸೇರಬೇಕಾದರೆ ಅವರೇ 5 ದಿನದಲ್ಲಿ ವರ್ಗಾಯಿಸಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಒಪ್ಪಿದೆ. ಆದರೆ ಈ ಪರೀಕ್ಷೆಯಲ್ಲಿ ಮರುಮೌಲ್ಯಮಾಪನ ಇಲ್ಲ. ಹಾಳೆ ನೋಡಿದರೆ ವಿಷಯ ಗೊತ್ತಾಗುತ್ತದೆ, ಸೀಟು ಬರುತ್ತದೆಂದು ಮಗಳಿಗೆ ಆಸೆ ಹುಟ್ಟಿಸಬೇಡಿ.

ಇನ್ನೊಬ್ಬರ ಮಗುವಿನ ಅಂಕ ಕೇಳಬೇಡಿ, ಅದನ್ನು ಖಾಸಗಿ ಮಾಹಿತಿ ಎಂದು ತಳ್ಳಿಹಾಕಬಹುದು. ಆ ಹುಡುಗ ಯಾವ ವರ್ಷ ಯಾವ ಶಾಲೆಯಲ್ಲಿದ್ದ ಎಂಬುದು ಖಚಿತವಾಗಿ ಗೊತ್ತಿದ್ದರೆ ಮಾತ್ರ ನವೋದಯ ಶಾಲೆಯ ಪ್ರಾಂಶುಪಾಲರಿಗೆ ಲಿಖಿತ ದೂರು ಕೊಡಿ, ಪ್ರತಿ ಜಿಲ್ಲಾಧಿಕಾರಿಗೆ. ಶಾಲೆಯ ಆಡಳಿತ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಆ ಹುಡುಗನ ಹೆಸರು ಹಾಕಲೇಬೇಡಿ. ಅವನೂ ನಿಮ್ಮ ಮಗಳ ವಯಸ್ಸಿನವನೇ.

6ನೇ ತರಗತಿಗೆ ಎರಡನೇ ಸಲ ಬರೆಯುವಂತಿಲ್ಲ. ಖಾಲಿ ಸೀಟಿದ್ದರೆ 9ನೇ ತರಗತಿಗೆ ಪರೀಕ್ಷೆ ಇರುತ್ತದೆ, ಆಗ 8ನೇ ತರಗತಿಯನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಹಿಂದುಳಿದ ವರ್ಗದ ಮೀಸಲಾತಿ ಕೇಳುವುದಾದರೆ ರಾಜ್ಯದ 2ಎ ಪ್ರಮಾಣಪತ್ರ ನಡೆಯದು. ಜಾತಿ ಕೇಂದ್ರದ ಪಟ್ಟಿಯಲ್ಲಿರಬೇಕು, ಪತ್ರ ಕೇಂದ್ರದ ನಮೂನೆಯಲ್ಲಿರಬೇಕು.

ತಾಯಿಗೆ ಹೇಳಿದ್ದು ಚಿಕ್ಕದು: ನೋಟ್‌ಬುಕ್ ಕಿತ್ತುಕೊಳ್ಳಬೇಡಿ, ಅವಳ ಪಕ್ಕ ಕೂತುಕೊಳ್ಳಿ. "ಪಕ್ಕದ ಮನೆಯವರಿಗೆ ಏನು ಹೇಳೋದು" ಎಂಬ ಮಾತು ಅವಳ ಕಿವಿಗೆ ಬೀಳದಿರಲಿ.

ಎರಡು ವಾರ ಕಳೆದು ಬಂದಾಗ ತಂದೆಯ ಕೈಯಲ್ಲಿ ಅರ್ಜಿಯ ಸ್ವೀಕೃತಿ ಇತ್ತು. ನಾಲ್ಕೇ ಪ್ರಶ್ನೆ, ಗುತ್ತಿಗೆದಾರರ ಹೆಸರಿಲ್ಲ. ಹುಡುಗಿಯ ನೋಟ್‌ಬುಕ್ಕಿನಲ್ಲಿ ಹಿಂದಿನ ರಾತ್ರಿಯದು ಆರು ಸಾಲು.