ಮಾರ್ಕು ಕಮ್ಮಿ ಆಯ್ತು, ಕೆಂಪು ಗೆರೆ ಜಾಸ್ತಿ ಆಯ್ತು

ಪ್ರಶ್ನೆ: ನಮ್ಮದು ಮಲ್ಪೆಯಿಂದ ಸ್ವಲ್ಪ ದೂರ, ಗಂಡ ಬೋಟಿಗೆ ಹೋಗ್ತಾರೆ, ಮನೇಲಿ ಮಾತೆಲ್ಲ ತುಳು. ಮಗಳು ಈ ವರ್ಷ ಐದನೇ ಕ್ಲಾಸು, ಕನ್ನಡ ಮೀಡಿಯಂ. ಜೂನ್‌ನಲ್ಲಿ ಬರೆದ ಪ್ರಬಂಧಕ್ಕೆ 10ಕ್ಕೆ 9 ಬಂದಿತ್ತು, ಫೆಬ್ರವರಿಯಲ್ಲಿ ಬರೆದದ್ದಕ್ಕೆ 6, ಪುಟ ತುಂಬ ಕೆಂಪು ಗೆರೆ. ಪಾಠ ಓದು ಅಂದ್ರೆ ಕಿರಿಕಿರಿ ಮಾಡ್ತಾಳೆ, ಲೈಬ್ರರಿಯಿಂದ ತಂದ ಒಂದೇ ಕತೆ ಪುಸ್ತಕವನ್ನು ಮೂರು ಮೂರು ಸಲ ಓದ್ತಾಳೆ. ವರ್ಷ ಹೋದ ಹಾಗೆ ಹಿಂದೆ ಬೀಳ್ತಾ ಇದ್ದಾಳಾ? ಟ್ಯೂಷನ್‌ಗೆ ಹಾಕ್ಬೇಕಾ? ಎರಡೂ ಪುಟದ ಫೋಟೋ ಕಳಿಸಿದ್ದೇನೆ.
– ಒಬ್ಬ ತಾಯಿ, ಉಡುಪಿ

ಉತ್ತರ: ಅಮ್ಮ, ಎರಡೂ ಪುಟವನ್ನು ಪಕ್ಕಪಕ್ಕ ಇಟ್ಟು ನಾಲ್ಕೈದು ಸಲ ಓದಿದೆ. ನಿಮ್ಮ ಮಗಳು ಹಿಂದೆ ಬೀಳ್ಲಿಲ್ಲ, ಈ ಒಂದು ವರ್ಷದಲ್ಲಿ ಅವಳು ಬರೀಲಿಕ್ಕೆ ಕಲಿತಿದ್ದಾಳೆ, ಅದಕ್ಕೇ ತಪ್ಪು ಜಾಸ್ತಿ ಆದದ್ದು.

ಜೂನ್‌ನ ಪುಟ ನೋಡಿ. "ಮಳೆಗಾಲವು ಜೂನ್ ತಿಂಗಳಲ್ಲಿ ಆರಂಭವಾಗುತ್ತದೆ. ಮಳೆ ಬಂದರೆ ರೈತರು ಸಂತೋಷಪಡುತ್ತಾರೆ." ಒಂದೂ ತಪ್ಪಿಲ್ಲ, ಯಾಕಂದ್ರೆ ಒಂದು ವಾಕ್ಯವೂ ಅವಳದ್ದಲ್ಲ, ಬೋರ್ಡಿನಿಂದಲೋ ಗೈಡಿನಿಂದಲೋ ಬಾಯಿಪಾಠ ಮಾಡಿ ಇಳಿಸಿದ್ದು. ನಿಮ್ಮ ಮನೇಲಿ ಮಳೆ ಬಂದ್ರೆ ಏನಾಗ್ತದೆ ಅಂತ ಅವಳಿಗೆ ಗೊತ್ತಿಲ್ವಾ? ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟೆಲ್ಲ ದಡದಲ್ಲಿ, ಅಪ್ಪ ಮನೆಯಲ್ಲಿ. ಆದ್ರೆ ಪ್ರಬಂಧದಲ್ಲಿ ಅಪ್ಪ ಇಲ್ಲ, ಬೋಟಿಲ್ಲ, ಎಲ್ಲಿಯದೋ ರೈತರು ಮಾತ್ರ ಇದ್ದಾರೆ.

ಈಗ ಫೆಬ್ರವರಿಯದ್ದು, ಅವಳು ಬರೆದ ಹಾಗೇ ಇಲ್ಲಿ ಹಾಕ್ತೇನೆ: "ಬೋಟು ಕಟ್ಟಿ ಹಾಕಿದ ಎರಡು ತಿಂಗಳು ಅಪ್ಪ ಜಗಲಿಯಲ್ಲಿ ಕೂತು ಬಲೆ ಹೊಲಿಯುತಾರೆ ಕಣ್ಣು ಟಿವಿಯಲ್ಲಿ ಉಂಟು ಕೈ ಬಲೆಯಲ್ಲಿ ಉಂಟು ಆದರೂ ಒಂದು ತೂತೂ ತಪುವುದಿಲ್ಲ ಅರ್ದ ಬಲೆ ಆದಾಗ ಅಜ್ಜಿ ನುಡಿದಳು ಇನ್ನು ಊಟ ಮಾಡು."

ಕಣ್ಣು ಟಿವಿಯಲ್ಲಿ, ಕೈ ಬಲೆಯಲ್ಲಿ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು, ಐದನೇ ಕ್ಲಾಸಿನ ಮಗು ಹೀಗೆ ನೋಡಿ ಬರೆದದ್ದು ಸಿಕ್ಕಿದ ದಿನ ನಂಗೆ ಹಬ್ಬ. ಇದನ್ನು ಯಾರೂ ಅವಳಿಗೆ ಹೇಳಿಕೊಡ್ಲಿಲ್ಲ, ಅವಳೇ ಜಗಲಿಯಲ್ಲಿ ಕೂತು ಕಂಡದ್ದು, ಕಂಡದ್ದಕ್ಕೆ ತುಳುವಿನಿಂದ ಕನ್ನಡಕ್ಕೆ ಅವಳೇ ಮಾತು ಹುಡುಕಿದ್ದು.

ಇನ್ನು ಆ ಕೆಂಪು ಗೆರೆಗಳು. ಟೀಚರ್ ಗೆರೆ ಹಾಕಿದ್ದು ತಪ್ಪಲ್ಲ, ಆದ್ರೆ ಎಲ್ಲ ಗೆರೆಯೂ ಒಂದೇ ಜಾತಿಯದ್ದಲ್ಲ. "ಹೊಲಿಯುತಾರೆ", "ತಪುವುದಿಲ್ಲ", ಇದು ಒತ್ತಕ್ಷರ ಬಿಟ್ಟು ಹೋದದ್ದು, ತಲೆ ಮುಂದೆ ಓಡುವಾಗ ಕೈ ಹಿಂದೆ ಉಳಿದದ್ದು ಅಷ್ಟೇ. ಬರೆದು ಮುಗಿಸಿದ ಮೇಲೆ ಗಟ್ಟಿಯಾಗಿ ನಿಧಾನ ಓದಿಸಿ, ಬರೆದದ್ದನ್ನು ಇದ್ದ ಹಾಗೇ ಓದ್ಬೇಕು, "ತಪುವುದಿಲ್ಲ" ಅಂತ ಬಾಯಿಗೆ ಬಂದ ಕೂಡ್ಲೇ ಕಿವಿಗೆ ಚುಚ್ಚುತ್ತದೆ, ಅವಳೇ ಒತ್ತು ಹಾಕ್ತಾಳೆ. ಬರೀತಾ ಇರುವಾಗ ಮಾತ್ರ ಪಕ್ಕದಲ್ಲಿ ನಿಂತು ತಿದ್ದಬೇಡಿ, ದಾರ ಕಡಿದು ಹೋಗ್ತದೆ.

"ಅರ್ದ" ಬೇರೆ ತರದ್ದು. ತುಳುವಿನ ಸ್ವಂತ ಶಬ್ದಗಳಲ್ಲಿ ಮಹಾಪ್ರಾಣ ಇಲ್ಲ, ಕನ್ನಡಕ್ಕೂ ಅದು ಹೆಚ್ಚಾಗಿ ಸಂಸ್ಕೃತದ ಶಬ್ದದ ಜೊತೆ ಬಂದದ್ದು, ಮನೆಯಲ್ಲಿ ಕೇಳದ ಉಚ್ಚಾರವನ್ನು ಮಗು ಕಿವಿಯಿಂದ ಹೇಗೆ ಹಿಡೀಬೇಕು? ಅದು ಕಣ್ಣಿಂದಲೇ ಬರ್ಬೇಕು, ಅಚ್ಚಾದ ಶಬ್ದವನ್ನು ಮತ್ತೆ ಮತ್ತೆ ಕಂಡು ಕಂಡು. ಹಾಗಾಗಿ ಒಂದೇ ಪುಸ್ತಕ ಮೂರು ಸಲ ಓದಿದ್ದು ದಂಡ ಅಂತ ಎಣಿಸ್ಬೇಡಿ. ಮೊದಲ ಸಲ ಮಗು ಕತೆ ಏನಾಯ್ತು ಅಂತ ಓಡ್ತದೆ, ಎರಡನೇ ಸಲ ಮೂರನೇ ಸಲ ಓದುವಾಗಲೇ ಅಲ್ವಾ ಶಬ್ದ ಹೇಗುಂಟು, ವಾಕ್ಯ ಹೇಗೆ ತಿರುಗಿತು ಅಂತ ನೋಡ್ಲಿಕ್ಕೆ ಪುರುಸೊತ್ತು ಸಿಗುವುದು.

"ಉಂಟು"ವಿಗೆ ಗೆರೆ ಹಾಕಿದ್ದು ಮಾತ್ರ ನಂಗೆ ಬೇಜಾರಾಯ್ತು. ಪರೀಕ್ಷೆಯಲ್ಲಿ "ಇದೆ" ಅಂತ ಬರೀಲಿಕ್ಕೆ ಹೇಳಿ, ತೊಂದರೆ ಇಲ್ಲ, ಆದ್ರೆ ಉಂಟು ತಪ್ಪು ಕನ್ನಡ ಅಂತ ಅವಳ ತಲೆಗೆ ಹೋಗುವುದು ಬೇಡ. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದದ್ದು, ಅದರಲ್ಲಿ ಉಂಟು ಉಂಟು. "ಹಾಗೂ ಉಂಟೇ" ಅಂತ ಬೆಂಗಳೂರಿನವರೂ ಹೇಳ್ತಾರಲ್ಲ.

ಮತ್ತೆ ಆ "ನುಡಿದಳು"! ಊಟಕ್ಕೆ ಕರೆಯುವಾಗ ಯಾವ ಅಜ್ಜಿಯೂ ನುಡಿಯುವುದಿಲ್ಲ, ಈ ಮಗು ಯಕ್ಷಗಾನದ ಆಟಕ್ಕೆ ಹೋಗ್ತಾಳೆ ಅಂತ ನನ್ನ ಅಂದಾಜು. ಯಕ್ಷಗಾನದಲ್ಲಿ ಪದ್ಯ ಬರೆದದ್ದು ಇರ್ತದೆ, ಮಾತು ವೇಷಧಾರಿ ಅಲ್ಲೇ ಕಟ್ಟಿ ಆಡುವುದು, ತುಳು ಮನೆಯ ಎಷ್ಟೋ ಮಕ್ಕಳಿಗೆ ತುಂಬು ಕನ್ನಡ ಮೊದಲು ಕಿವಿಗೆ ಬಿದ್ದದ್ದೇ ಅಲ್ಲಿ. ಕರ್ಕೊಂಡು ಹೋಗಿ, ಅರ್ಧ ರಾತ್ರಿಗೆ ನಿದ್ದೆ ಬಂದ್ರೂ ಅಡ್ಡಿಲ್ಲ.

ಪಾಠದ ಕಿರಿಕಿರಿಗೆ ಹೆಚ್ಚು ಹೇಳ್ಲಿಕ್ಕೇನಿಲ್ಲ. ಉದ್ದ ಶಬ್ದ ಬಂದಲ್ಲಿ ಪೆನ್ಸಿಲಿಂದ ತುಂಡು ಮಾಡಿ ಕೊಡಿ, ದಿನಕ್ಕೆ ಒಂದೇ ಪುಟ, ನೀವು ಮೀನು ಕೊಯ್ಯುವಾಗ ಅವಳು ಓದ್ಲಿ. "ಅರ್ಥ ಆಯ್ತಾ" ಅಂತ ಕೇಳಿದ್ರೆ ಹೂಂ ಅಂತಾರೆ ಮಕ್ಕಳು, "ಇದನ್ನು ಅಜ್ಜಿಗೆ ತುಳುವಲ್ಲಿ ಹೇಳು" ಅನ್ನಿ, ಅರ್ಥ ಆಗಿದ್ರೆ ಹೇಳ್ತಾಳೆ. ಪಂಚಾಯ್ತಿ ಲೈಬ್ರರಿಯಲ್ಲಿ 6ರಿಂದ 18 ವರ್ಷದವರಿಗೆ ಮೆಂಬರ್‌ಶಿಪ್ ಫ್ರೀ, 2020ರಲ್ಲಿ "ಓದುವ ಬೆಳಕು" ಅಂತ ಶುರುವಾದದ್ದು, ಕಾರ್ಡ್ ಅವಳ ಹೆಸರಲ್ಲೇ ಮಾಡಿಸಿ. ಟ್ಯೂಷನ್ ಈಗ ಬೇಡ, ಅಲ್ಲಿ ಮತ್ತೆ ಆ ರೈತರ ವಾಕ್ಯವನ್ನೇ ಬಾಯಿಪಾಠ ಮಾಡಿಸಿದ್ರೆ ಈ ವರ್ಷ ಬಂದದ್ದು ಹೋಗ್ತದೆ.

ಬರುವ ಜೂನ್‌ನಲ್ಲಿ ಬೋಟು ಕಟ್ಟಿದ ಮೇಲೆ ಒಂದು ದಿನ ಅಪ್ಪ ತುಳುವಲ್ಲಿ ಬಲೆ ಹೊಲಿಯುವುದು ಹೇಗೆ ಅಂತ ಹೇಳ್ಲಿ, ಯಾವ ನೂಲು, ಎಷ್ಟು ಅಗಲದ ಕಣ್ಣು, ಗಂಟು ಎಲ್ಲಿ ಅಂತೆಲ್ಲ, ಅವಳು ಕನ್ನಡದಲ್ಲಿ ಬರೀಲಿ. ಕನ್ನಡದಲ್ಲಿ ಹೆಸರು ಸಿಗದಿದ್ರೆ ತುಳು ಹೆಸರನ್ನೇ ಇಡ್ಲಿ. ಬರೆದಾದ ಮೇಲೆ ಆ ಪುಟದ ಫೋಟೋ ನಂಗೊಂದು ಕಳಿಸಿ, ತಿದ್ದದೆ ಕಳಿಸಿ.